ಬೆಕ್ಕಿನ ಪೀಪಾಯಿ

ಹೋದ ವಾರ ಮೊಮ್ಮಗಳು ಪ್ಲೆಸೆಂಟನ್ನಿನ ಯಾವುದೋ ಬೇಕರಿಯಿಂದ ಕಾಗದದ ಚೀಲವೊಂದನ್ನು ತಂದು ನನ್ನ ಮುಂದಿಟ್ಟಳು. ಒಳಗೆ ಬನ್ನು. ಮುರಿದ ಕೂಡಲೇ ಏಲಕ್ಕಿಯ ವಾಸನೆ ಬಂತು. ನಮ್ಮ ರವೆ ಶಿರಾದ ಏಲಕ್ಕಿಯಲ್ಲ, ಪಾಯಸದ್ದೂ ಅಲ್ಲ. ಬೆಣ್ಣೆ, ಉಬ್ಬಿದ ಹಿಟ್ಟು, ಅದರೊಳಗೆ ಅರೆಬರೆ ಕುಟ್ಟಿದ ಏಲಕ್ಕಿ... ಆ ವಾಸನೆ ನಾನು ಕಂಡದ್ದು ಒಬ್ಬರ ಅಡುಗೆಮನೆಯಲ್ಲಿ ಮಾತ್ರ. ಆಕೆ ಸತ್ತು ಎಷ್ಟೋ ವರ್ಷವಾಯಿತು.

"ಅಜ್ಜಿ, ಯೂ ಡೋಂಟ್ ಲೈಕ್ ಇಟ್?" ಎಂದಳು ಮೊಮ್ಮಗಳು.

"ತಿಂತೀನಿ, ತಡಿಯವ್ವಾ" ಎಂದೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾವು ಹೇವರ್ಡಿನಲ್ಲಿದ್ದೆವು. ನನ್ನ ಗಂಡ ಲೇತ್ ಮಷೀನಿನ ಕೆಲಸದವರು. ಅವರ ಅಕ್ಕ ಇಲ್ಲಿ ನರ್ಸಾಗಿದ್ದಳು, ಅವಳೇ ನಮ್ಮನ್ನು ಊರಿನಿಂದ ಈ ದೇಶಕ್ಕೆ ಕರೆಸಿಕೊಂಡಳು. ನಾನು ಗದಗಿನ ಕಡೆ ಮೂರನೇ ಇಯತ್ತೆ ಓದಿದವಳು. ಕನ್ನಡ ಬರೆಯುವುದನ್ನು ಆಮೇಲೆ ಪೇಪರು ಓದಿ ಓದಿ ಕಲಿತೆ. ಇಂಗ್ಲಿಷ್ ಅಕ್ಷರ ಇವತ್ತಿಗೂ ನನಗೆ ಇರುವೆ ಸಾಲಿನ ಹಾಗೇ ಕಾಣುತ್ತದೆ. ಆಗ ಮನೆಯಲ್ಲೇ ಕೂತು ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ಬೇಲಿಯ ಆಚೆಗೆ ಆ ಏಲಕ್ಕಿ ಬನ್ನಿನಾಕೆಯ ಮನೆ.

ಗಂಡ ಸತ್ತ ಮುದುಕಿ. ಬಿಳಿ ಕೂದಲು, ಗಂಡಸಿನಂಥ ಮುಂಗೈ. ಎಡಕಿವಿ ಪೂರ್ತಿ ಕಿವುಡು, ಹಾಗಾಗಿ ಯಾವಾಗಲೂ ಬಲಗಡೆ ನಿಂತು ಮಾತಾಡಬೇಕು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಬರಲಿಲ್ಲ. ಅಜ್ಜಿ ಎಂದೇ ಕರೆದೆ. ಹಾಗೆಂದರೇನು ಎಂದು ನನ್ನ ಮಗಳನ್ನು ಕೇಳಿ ತಿಳಿದುಕೊಂಡ ಮೇಲೆ ಆಕೆಗೂ ಅದೇ ರೂಢಿಯಾಯಿತು. ನಮ್ಮ ಮಾತು ಅರ್ಧ ಕೈಸನ್ನೆ, ಅರ್ಧ ಹರಕು ಇಂಗ್ಲಿಷ್. ಸಿಕ್ಕಿಕೊಂಡರೆ ನನ್ನ ಎಂಟು ವರ್ಷದ ಮಗಳು ಬಿಡಿಸಬೇಕು.

ಅಜ್ಜಿಗೆ ಒಂದು ಹುಚ್ಚು, ತನ್ನ ವಂಶದ ಬೇರು ಹುಡುಕುವುದು. ಆಕೆಯ ಅಜ್ಜ ಡೆನ್ಮಾರ್ಕಿನಿಂದ ಹಡಗಿನಲ್ಲಿ ಬಂದವನು. ನಾನು ಮನಸ್ಸಿನಲ್ಲೇ ಅವನಿಗೆ ಹಡಗಿನ ಅಜ್ಜ ಎಂದು ಹೆಸರಿಟ್ಟಿದ್ದೆ. ಅವನಿದ್ದ ಸೀಮೆಯನ್ನು ಜರ್ಮನರು ಗೆದ್ದುಕೊಂಡು, ಹರೆಯದ ಹುಡುಗರನ್ನು ತಮ್ಮ ಸೈನ್ಯಕ್ಕೆ ಎಳೆದೊಯ್ಯುತ್ತಿದ್ದರಂತೆ. ಅವರ ಬಂದೂಕು ಹಿಡಿಯುವುದಿಲ್ಲ ಎಂದು ಇವನು ಊರು ಬಿಟ್ಟನಂತೆ. ಕ್ಯಾಸ್ಟ್ರೊ ವ್ಯಾಲಿಯ ಗುಡ್ಡದಲ್ಲಿ ಕೋಳಿ ಸಾಕಿ ಮನೆ ಕಟ್ಟಿದ. ಅವನ ಜೊತೆ ಹಡಗಿನಲ್ಲಿ ಬಂದ ಒಂದು ಮರದ ದೊಣ್ಣೆ ಅಜ್ಜಿಯ ಹಜಾರದ ಗೋಡೆಯ ಮೇಲೆ ತೂಗುತ್ತಿತ್ತು. ಅವರ ಫೆಬ್ರವರಿಯ ಹಬ್ಬದ ದೊಣ್ಣೆ ಅದು. ಆ ದಿನ ಒಂದು ಪೀಪಾಯಿಯನ್ನು ಹಗ್ಗದಿಂದ ತೂಗುಬಿಟ್ಟು, ಮಕ್ಕಳು ಸರದಿಯ ಮೇಲೆ ಹೊಡೆದು ಒಡೆಯುತ್ತಾರೆ. ಕೊನೆಯ ಹಲಗೆ ಉರುಳಿಸಿದವನು ಬೆಕ್ಕಿನ ರಾಜ. ಈಗ ಪೀಪಾಯಿಯೊಳಗೆ ಮಿಠಾಯಿ ಇರುತ್ತದೆ. ಹಿಂದೆ ಜೀವಂತ ಬೆಕ್ಕು ಇರುತ್ತಿತ್ತು.

ಆ ಹಡಗಿನ ಅಜ್ಜನ ಹೆಸರನ್ನೇ ಆಕೆ ತನ್ನ ಒಬ್ಬನೇ ಮಗನಿಗೆ ಇಟ್ಟಿದ್ದಳು. ಮಗ ಬಡಗಿ, ಮನೆ ಕಟ್ಟುವ ಕಂಪನಿಯಲ್ಲಿ ಕೆಲಸ. ಎರಡು ಬೀದಿ ಆಚೆ ಇದ್ದ. ಬಂದಾಗಲೆಲ್ಲ ಆ ದೊಣ್ಣೆ ಇಳಿಸಿ, ಕೈಯಲ್ಲಿ ತೂಗಿ, ಮುತ್ತಜ್ಜನ ಕಥೆ ಹೇಳುತ್ತಿದ್ದ. ಅವನ ಹೆಂಡತಿ ಜುಲೈ ಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ ಹಾಕುತ್ತಿದ್ದಳು. ಆರು ವರ್ಷದ ಅವರ ಹುಡುಗಿ ಶಾಲೆ ಬಿಟ್ಟ ಮೇಲೆ ನನ್ನಲ್ಲಿಗೆ ಬರುತ್ತಿದ್ದಳು. ಒಂದು ದಿನ ತಲೆ ಬಾಚುವಾಗ ಕಿವಿಯ ಹಿಂದೆ ಕೂದಲು ಹಿಡಿಯಷ್ಟು ಕಿತ್ತು ಬಂದ ಜಾಗ ಕಂಡೆ. ರಕ್ತ ಒಣಗಿ ಕಪ್ಪಾಗಿತ್ತು.

"ಯಾರವ್ವಾ? ಹೂ?" ಎಂದೆ.

"ಡ್ಯಾಡಿ" ಎಂದಳು, ಬಿಸ್ಕತ್ತು ತಿನ್ನುತ್ತಲೇ. ಗಾಳಿ ಬೀಸಿತು ಎಂದ ಹಾಗೆ.

ಹೊಡೆತ ನನಗೆ ಹೊಸದಲ್ಲ. ನಮ್ಮಪ್ಪ ಎತ್ತಿಗೆ ಎತ್ತುವ ಬಾರುಕೋಲನ್ನೇ ನಮಗೂ ಎತ್ತುತ್ತಿದ್ದ. ಆದರೆ ಆ ಹುಡುಗಿಯ ದನಿ ನನಗೆ ಹೊಸದು. ಬಾಚಣಿಗೆ ಕೆಳಗಿಟ್ಟು ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದೆ.

ಆ ಬೇಸಿಗೆಯಲ್ಲಿ ಅಜ್ಜಿ ಇಲ್ಲಿ ನೆಲೆಸಿದ ತನ್ನ ಜನದ ಜೊತೆ ಡೆನ್ಮಾರ್ಕಿಗೆ ಹೋದಳು. ಹೊಸ ಕೋಟು ಹೊಲಿಸಿಕೊಂಡು, ಹಡಗಿನ ಅಜ್ಜನ ಮನೆ ನೋಡಿ ಬರುತ್ತೇನೆ ಎಂದು ಮದುಮಗಳ ಹಾಗೆ ಹೊರಟಳು. ಬಂದ ಮೇಲೆ ಬಾಗಿಲು ತೆರೆಯಲಿಲ್ಲ. ಒಂದು ವಾರ ಬಿಟ್ಟು ನಾನೇ, ಮಾತು ಬಿಡಿಸಲು ಮಗಳನ್ನು ಕರೆದುಕೊಂಡು, ಹಿಂಬಾಗಿಲಿನಿಂದ ಒಳಗೆ ಹೋದೆ. ಹಿಟ್ಟು ನಾದುತ್ತಿದ್ದಳು. ನಾದುವುದಲ್ಲ ಅದು, ಹಲಗೆಗೆ ಎತ್ತಿ ಎತ್ತಿ ಬಡಿಯುತ್ತಿದ್ದಳು. ನಾನು ಬಲಗಡೆ ಹೋಗಿ ನಿಂತೆ.

ಅಲ್ಲಿ ದೂರದ ಸಂಬಂಧದ ಒಬ್ಬ ಮುದುಕಿ ಸಿಕ್ಕಿದ್ದಳಂತೆ. ಇವಳು ಯಾರ ಮೊಮ್ಮಗಳೆಂದು ಕೇಳಿದ ಮೇಲೆ ಕಾಫಿ ಕೊಡಲಿಲ್ಲವಂತೆ. "ಅವನ ಮನೆ ನೋಡಾಕ ಬಂದಿಯೇನು? ಮೊದಲು ಇದನ್ನ ನೋಡು ಬಾ" ಎಂದು ಚರ್ಚಿನ ಹಿಂದಕ್ಕೆ ಕರೆದುಕೊಂಡು ಹೋದಳಂತೆ. ಆ ದೇಶದಲ್ಲಿ ಗೋರಿಗೂ ಗಡುವು. ಕೆಲವು ವರ್ಷ ಕಳೆದ ಮೇಲೆ ಮನೆಯವರು ಬೇಕೆಂದು ಕೇಳದಿದ್ದರೆ ಆ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಈ ಒಂದು ಗೋರಿಯನ್ನು ಮಾತ್ರ ಆ ಮನೆಯವರು ನೂರು ವರ್ಷದಿಂದ ಬಿಟ್ಟುಕೊಟ್ಟಿರಲಿಲ್ಲ. ಯಾರೂ ಮರೆಯಬಾರದು ಎಂದು. ಹಡಗಿನ ಅಜ್ಜನ ತಮ್ಮನ ಗೋರಿ ಅದು. ಇನ್ನೂ ಮೀಸೆ ಬಲಿಯದ ಹುಡುಗ.

ಅವನು ಸತ್ತ ವರ್ಷದ ಹಬ್ಬದಲ್ಲಿ ಬೆಕ್ಕಿನ ರಾಜನಾದವನು ಆ ತಮ್ಮ. ಅಣ್ಣನಿಗೆ ತಡೆಯಲಿಲ್ಲ. ಪೀಪಾಯಿ ಒಡೆದ ಅದೇ ದೊಣ್ಣೆ ತೆಗೆದುಕೊಂಡು ತಮ್ಮನ ತಲೆಗೆ ಹಾಕಿದ. ಬಿದ್ದ ಮೇಲೂ ಹಾಕಿದ. ಊರವರು ಹಿಡಿಯುವ ಮೊದಲೇ ಅಪ್ಪ ದೊಡ್ಡ ಮಗನನ್ನು ಗಾಡಿಯಲ್ಲಿ ಹುಲ್ಲಿನ ಕೆಳಗೆ ಮಲಗಿಸಿ ಬಂದರಿಗೆ ಸಾಗಿಸಿದ. ಜರ್ಮನರ ಕಥೆ ಹುಟ್ಟಿದ್ದು ಆಮೇಲೆ.

"ಆ ದೊಣ್ಣೇನ ಯಾಕ ತಂದ?" ಎಂದು ಕೇಳಿದೆ. ಗೋಡೆ ತೋರಿಸಿದೆ.

ಅಜ್ಜಿ ನಾದುವುದನ್ನು ನಿಲ್ಲಿಸಿದಳು. ಹಿಟ್ಟು ಮೆತ್ತಿದ ಬೆರಳಿನಿಂದ ತನ್ನ ಎಡಕಿವಿ ಮುಟ್ಟಿ ತೋರಿಸಿದಳು. ಕ್ಯಾಸ್ಟ್ರೊ ವ್ಯಾಲಿಯ ಕೋಳಿ ಮನೆಯ ಮುಂದೆ ಹಡಗಿನ ಅಜ್ಜ ಪೀಪಾಯಿಯೊಳಗೆ ಬೆಕ್ಕು ಹಾಕಿ ತೂಗುಬಿಟ್ಟಿದ್ದನಂತೆ. ಇವಳು ಆಗ ಸಣ್ಣವಳು. ಬೆಕ್ಕು ಇವಳು ಸಾಕಿದ್ದು. ಹೊಡಿ ಎಂದ. ಹೊಡೆಯಲಿಲ್ಲ. ದೊಣ್ಣೆಯ ಹಿಡಿಯಿಂದ ಕಿವಿಯ ಮೇಲೆ ಒಂದೇ ಪೆಟ್ಟು. ಕಿವಿಯಿಂದ ರಕ್ತ ಇಳಿಯುತ್ತಿರುವಾಗಲೇ ಅವನೇ ಪೀಪಾಯಿ ಒಡೆದ. ಬೆಕ್ಕು ಒಳಗೇ ಸತ್ತಿತ್ತು... ಮನೆಯವರು ಅದನ್ನು ಹಬ್ಬದ ಆಟ ಎಂದರಂತೆ, ಇವಳೂ ಇಷ್ಟು ವರ್ಷ ಹಾಗೆಂದೇ ನಂಬಿಕೊಂಡಿದ್ದಳಂತೆ.

ನಾನು ನಮ್ಮ ಕಡೆಯ ಮಾತು ಹೇಳಿದೆ. ನಮ್ಮಲ್ಲೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಆದರೆ ಹಿರಿಯರ ಹೆಸರು ಹೊತ್ತ ಕೂಸಿಗೆ ಯಾರೂ ಹೊಡೆಯುವ ಹಾಗಿಲ್ಲ, ಆ ಹೆಸರು ಹಿಡಿದು ಬೈಯುವ ಹಾಗಿಲ್ಲ. ತಾಯಿಯಂತೂ ಆ ಹೆಸರನ್ನು ಬಾಯಲ್ಲಿ ಸಹ ಹೇಳುವುದಿಲ್ಲ, "ಅಪ್ಪಾ" ಎಂದೇ ಕರೆಯುತ್ತಾಳೆ.

ಅಜ್ಜಿ ನಕ್ಕಳು. ಒಳ್ಳೆಯ ನಗೆಯಲ್ಲ. "ನಮ್ಮಲ್ಲಿ ಹೆಸರು ಹೊತ್ತವನೇ ಹೊಡೆಯುತ್ತಾನೆ" ಎಂದಳು.

ಫೆಬ್ರವರಿ ಬಂತು. ಆ ವರ್ಷದ ಹಬ್ಬ ಅಜ್ಜಿಯ ಹಿತ್ತಲಿನಲ್ಲಿ. ಅವರ ಜನದ ಐದಾರು ಮನೆಯವರು ಬಂದಿದ್ದರು. ಮಕ್ಕಳೆಲ್ಲ ವೇಷ ಹಾಕಿದ್ದರು, ನನ್ನ ಮಗಳಿಗೂ ಕಾಗದದ ಬೆಕ್ಕಿನ ಕಿವಿ. ಆಕ್ರೋಟದ ಮರಕ್ಕೆ ಪೀಪಾಯಿ ತೂಗುತ್ತಿತ್ತು. ಮಕ್ಕಳ ಕೈಗೆ ಬೇಸ್‌ಬಾಲ್ ಬ್ಯಾಟು ಕೊಟ್ಟಿದ್ದರು. ಮಗ ಮಾತ್ರ ಒಳಗೆ ಹೋಗಿ ಗೋಡೆಯ ದೊಣ್ಣೆ ತಂದು ತನ್ನ ಹುಡುಗಿಯ ಕೈಯಲ್ಲಿಟ್ಟ. ಅದರ ಭಾರಕ್ಕೆ ಹುಡುಗಿಯ ಕೈ ಜೋತುಬಿತ್ತು.

"ಎತ್ತು! ನಿನ್ನಲ್ಲಿ ನನ್ನ ಮುತ್ತಜ್ಜನ ರಕ್ತ ಇದೆಯೋ ಇಲ್ಲವೋ ನೋಡೋಣ" ಎಂದ. ಬಿಯರು ಕುಡಿದಿದ್ದ. ಹುಡುಗಿ ಎತ್ತಲಿಲ್ಲ. ಅಳಲೂ ಇಲ್ಲ. "ಥೂ, ತಾಯಿಯ ಹಾಗೇ ಹೇಡಿ" ಎಂದ.

ಅಜ್ಜಿ ಕಾಫಿ ಕೆಟಲು ಕೆಳಗಿಟ್ಟಳು. "ಅದನ್ನು ಮಗುವಿನ ಕೈಗೆ ಕೊಡಬೇಡ. ಅದರಿಂದಲೇ ನಮ್ಮಜ್ಜ ತನ್ನ ತಮ್ಮನನ್ನು ಕೊಂದ" ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗೋರಿ, ಗಾಡಿ, ಹುಲ್ಲು, ತನ್ನ ಕಿವಿ, ಎಲ್ಲವನ್ನೂ ಎಲ್ಲರ ಮುಂದೆ ಹೇಳಿದಳು. ನನ್ನ ಮಗಳು ನನ್ನ ಸೆರಗು ಹಿಡಿದುಕೊಂಡು ತುಂಡು ತುಂಡಾಗಿ ಕನ್ನಡದಲ್ಲಿ ಹೇಳುತ್ತಿದ್ದಳು.

"ಮುದುಕಿಗೆ ತಲೆ ಕೆಟ್ಟಿದೆ" ಎಂದ ಮಗ.

ಯಾವತ್ತೂ ಬಾಯಿ ಬಿಡದ ಅವನ ಹೆಂಡತಿ ಹೇಳಿದಳು: "ನಾನು ನಂಬುತ್ತೇನೆ."

ಹಿಂಗೈಯಿಂದ ಅವಳ ಮುಖಕ್ಕೆ ಬಿಟ್ಟ. ಮೂಗಿನಿಂದ ರಕ್ತ ಚಿಮ್ಮಿತು. ಹುಡುಗಿ ದೊಣ್ಣೆ ಬಿಸಾಡಿ ಪೀಪಾಯಿಯ ಹಿಂದೆ ಓಡಿದಳು. ಅವನು ದೊಣ್ಣೆ ಎತ್ತಿಕೊಂಡು ಬೀಸಿದ. ಪೆಟ್ಟು ಪೀಪಾಯಿಗೆ ಬಿದ್ದು ಹಲಗೆ ಸೀಳಿತು. ಕಿತ್ತಳೆಹಣ್ಣು, ಮಿಠಾಯಿ ಎಲ್ಲ ಹುಡುಗಿಯ ತಲೆಯ ಮೇಲೆ ಸುರಿದವು. ಒಂದು ಮಗುವೂ ಆಯಲು ಬರಲಿಲ್ಲ. ಅವನು ಮತ್ತೆ ಎತ್ತಿದ. ಈ ಸಲ ನಡುವೆ ಪೀಪಾಯಿ ಇರಲಿಲ್ಲ.

ಅಜ್ಜಿ ಪಕ್ಕದ ಮಗುವಿನ ಕೈಯಿಂದ ಬ್ಯಾಟು ಕಿತ್ತುಕೊಂಡು ಅವನ ಮೊಣಕೈಗೆ ಹೊಡೆದಳು. ಕಬ್ಬು ಮುರಿದ ಸದ್ದು. ದೊಣ್ಣೆ ಬಿತ್ತು. ಅವನು ಎಡಗೈಯಿಂದ ತಾಯಿಯ ಜುಟ್ಟು ಹಿಡಿದು ಮುಖವನ್ನು ಮರಕ್ಕೆ ಅಪ್ಪಳಿಸಿದ. ಅಲ್ಲಿಯವರೆಗೆ ಗೊಂಬೆಗಳ ಹಾಗೆ ನಿಂತಿದ್ದ ಗಂಡಸರಿಗೆ ಆಗ ಜೀವ ಬಂತು. ನಾಲ್ಕು ಜನ ಸೇರಿ ಕೆಡವಿದರು. ಕೋಳಿಯನ್ನೂ ಹಿಡಿದು ಗೊತ್ತಿಲ್ಲದ ನನ್ನ ಗಂಡ ಅವನ ಕಾಲ ಮೇಲೆ ಕೂತುಬಿಟ್ಟರು. "ಲಗೂ ಹಗ್ಗ ತಾ, ಏನ್ ನೋಡ್ಕೋಂತ ನಿಂತೀ!" ಎಂದು ನನಗೇ ಗದರಿದರು.

ಅಜ್ಜಿ ಹಲ್ಲು ಉಗುಳಿ ಸೊಸೆಗೆ ಹೇಳಿದಳು: "ಹೋಗು. ಈಗಲೇ ಹೋಗು. ಎಲ್ಲಿಗೆ ಎಂದು ನನಗೆ ಹೇಳಬೇಡ. ಗೊತ್ತಿದ್ದರೆ ಅವನು ನನ್ನ ಬಾಯಿಂದ ತೆಗೆಯುತ್ತಾನೆ." ಹುಡುಗಿಯನ್ನು ಅಪ್ಪಿಕೊಳ್ಳಲಿಲ್ಲ. ಬಾಯಿ ತುಂಬ ರಕ್ತ, ಮಗು ಹೆದರುತ್ತದೆ ಎಂದು ದೂರದಿಂದಲೇ ಕೈ ಬೀಸಿದಳು.

ನಾನು ಗಂಡನನ್ನು ಬದಿಗೆ ಎಳೆದೆ. "ಕಾರಿನ ಕೀಲಿ ತಗೀರಿ. ಓಕ್‌ಲ್ಯಾಂಡಿನ ಬಸ್ ಸ್ಟ್ಯಾಂಡಿಗೆ ಹೋಗೋಣು."

"ನಿನಗೇನ್ ಹುಚ್ಚು ಹಿಡದೈತೇನು? ಪೊಲೀಸ್ರು ಬಂದ್ರ ನಮ್ಮನ್ನೂ ಸೇರಿಸಿ ಊರಿಗೆ ಅಟ್ತಾರ. ಮಂದಿ ಮನಿ ಜಗಳ ನಮಗ್ಯಾಕ?"

"ಆ ಕೂಸು ದಿನಾ ನಮ್ಮನಿಯಾಗ ಉಣ್ಣತೈತಿ. ಈಗ ಹೇಳ್ರಿ, ಯಾರ ಮನಿ ಜಗಳ ಇದು?"

ಕೀಲಿ ತೆಗೆದರು. ದಾರಿಯುದ್ದಕ್ಕೂ ಬೈದರು, ಆದರೆ ಫ್ರೀವೇಯಲ್ಲಿ ಗಾಡಿ ಓಡಿಸಿದ ಪರಿ ಮಾತ್ರ ವಿಮಾನದ್ದು. ಬಸ್ ಸ್ಟ್ಯಾಂಡಿನಲ್ಲಿ ನಾನು ಅವರಿಗೆ ಕಾರಿನಿಂದ ಇಳಿಯಬೇಡಿ ಎಂದೆ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಬಸ್ಸಿನ ಹಣೆಯ ಮೇಲೆ ಬರೆದ ಊರಿನ ಹೆಸರನ್ನು ಓದಿದರೆ ಅದು ತಲೆಯಲ್ಲಿ ಕೂತುಬಿಡುತ್ತದೆ. ನನಗೆ ಆ ಭಯವಿರಲಿಲ್ಲ. ತಾಯಿ ಮಗಳನ್ನು ನಾನೇ ಬಸ್ಸಿನ ತನಕ ಕೈಹಿಡಿದು ಕರೆದೊಯ್ದೆ. ಬಸ್ಸು ಹೋಗುವವರೆಗೂ ಆ ಇರುವೆ ಸಾಲನ್ನು ನೋಡುತ್ತ ನಿಂತೆ.

ಹಬ್ಬಕ್ಕೆ ಬಂದವರು ಕರೆಸಿದ ಪೊಲೀಸರು ಮಗನನ್ನು ಸ್ವಲ್ಪ ದಿನ ಒಳಗಿಟ್ಟು ಹೊರಗೆ ಬಿಟ್ಟರು. ಕೈಗೆ ಪ್ಲಾಸ್ಟರು ಹಾಕಿಕೊಂಡೇ ತಾಯಿಯ ಮನೆಗೆ ಬಂದ. ಎಲ್ಲಿದ್ದಾರೆ ಹೇಳು ಎಂದು ಕೇಳುತ್ತ ಆಕೆಯ ಬೆರಳುಗಳನ್ನು ಹಿಂದಕ್ಕೆ ಮಣಿಸಿ ಮುರಿದ. ಬೇಲಿಯ ಈಚೆ ಆ ಕೂಗು ಕೇಳಿ ನಾನು ಫೋನು ಎತ್ತಿದೆ. "ಮ್ಯಾನ್ ಬೀಟಿಂಗ್ ಮದರ್. ಕಮ್, ಕಮ್" ಎಂದೆ. ನಾನು ಇಂಗ್ಲಿಷಿನಲ್ಲಿ ಮಾಡಿದ ಮೊದಲ ಫೋನು ಅದು. ಪೊಲೀಸರು ಬಂದು ಎಳೆದೊಯ್ದರು. ಈ ಸಲ ವರ್ಷಗಟ್ಟಲೆ ಒಳಗಿದ್ದ. ಗೊತ್ತಿಲ್ಲದ್ದನ್ನು ಅಜ್ಜಿ ಹೇಗೆ ಹೇಳಬೇಕಿತ್ತು?

ಬೆರಳಿನ ಕಟ್ಟು ಬಿಚ್ಚಿದ ಮೇಲೆ ದೊಣ್ಣೆಯನ್ನು ನಾನೂ ಅಜ್ಜಿಯೂ ಗರಗಸದಿಂದ ಕೊಯ್ದು ಬೆಂಕಿಗೂಡಿಗೆ ಹಾಕಿದೆವು. ನೂರು ವರ್ಷದ ಒಣ ಕಟ್ಟಿಗೆ, ಚೆನ್ನಾಗಿ ಉರಿಯಿತು. ಆ ಬೆರಳುಗಳಲ್ಲಿ ಆಕೆ ಮತ್ತೆ ಹಿಟ್ಟು ನಾದಲಿಲ್ಲ.

ಎರಡು ವರ್ಷಕ್ಕೆ ಲಕ್ವ ಹೊಡೆದು ವೃದ್ಧರ ಆಸ್ಪತ್ರೆ ಸೇರಿದಳು. ಒಂದು ದಿನ ಬಲಗಡೆ ಕುರ್ಚಿ ಎಳೆದುಕೊಂಡು ಕೂತಿದ್ದೆ. "ಬಸ್ಸಿನಲ್ಲಿ ಮಗು ಅತ್ತಿತಾ?" ಎಂದು ಕೇಳಿದಳು. ಅಷ್ಟು ದಿನ ಕೇಳಿರಲಿಲ್ಲ.

"ಇಲ್ಲ. ಕಿಟಕಿ ಪಕ್ಕ ನಾನೇ ಕೂರಬೇಕು ಎಂದು ತಾಯಿಯ ಜೊತೆ ಜಗಳ ಮಾಡಿದಳು" ಎಂದೆ. ನಿಜವೇ ಹೇಳಿದ್ದು.

ಅಜ್ಜಿ ಬಾಯಿಯ ಒಂದು ಬದಿಯಲ್ಲಿ ನಕ್ಕಳು. "ಜಗಳ ಮಾಡಿತಾ... ಒಳ್ಳೆಯದು" ಎಂದಳು. ಮುಂದಿನ ವಾರ ಸತ್ತಳು. ಮಣ್ಣಿಗೆ ನಾವು ಮೂವರು, ಅವರ ಚರ್ಚಿನವರು ನಾಲ್ಕೈದು ಜನ. ಬೇರು ಹುಡುಕಿಕೊಂಡು ಸಮುದ್ರ ದಾಟಿದವಳ ಗೋರಿಗೆ ತನ್ನ ರಕ್ತದವರು ಒಬ್ಬರೂ ಬರಲಿಲ್ಲ.

ಇದನ್ನೆಲ್ಲ ಕೇಳಿ ಮೊಮ್ಮಗಳು ಹೋದ ವಾರ ಕುಣಿದಾಡಿಬಿಟ್ಟಳು. ಈಗ ಒಂದು ಕೊಳವೆಯಲ್ಲಿ ಉಗುಳಿ ಕಳಿಸಿದರೆ ಸಾಕಂತೆ, ಯಾರು ಯಾರ ಸಂಬಂಧ ಎಂದು ತಿಳಿಯುತ್ತದಂತೆ. ಅದೂ ಬೇಡ, ಹೆಸರೊಂದಿದ್ದರೆ ಫೋನಿನಲ್ಲೇ ಆ ಹುಡುಗಿಯನ್ನು ಹುಡುಕುತ್ತಾಳಂತೆ. ಅವಳಿಗೂ ಈಗ ಐವತ್ತರ ಹತ್ತಿರವಾಗಿರಬೇಕು. ಮಕ್ಕಳಿರಬಹುದು. ತನ್ನ ಅಜ್ಜಿ ಯಾರಿಗಾಗಿ ಮಗನ ಕೈ ಮುರಿದಳು ಎಂಬುದು ಅವಳಿಗೆ ನೆನಪಿದೆಯೋ ಇಲ್ಲವೋ.

"ಪ್ಲೀಸ್ ಅಜ್ಜಿ, ನೇಮ್ ಹೇಳಿ. ಟೂ ಮಿನಿಟ್ಸ್ ಅಷ್ಟೇ."

ಅಜ್ಜಿಯ ಮಗ ಇನ್ನೂ ಬದುಕಿದ್ದಾನೆ. ಸ್ಯಾಕ್ರಮೆಂಟೊ ಕಡೆ ಎಲ್ಲೋ ಇದ್ದಾನೆಂದು ಹಳೆಯ ಬೀದಿಯವರು ಹೇಳಿದ್ದರು. ಫೋನು ಅವನ ಕೈಯಲ್ಲೂ ಇರುತ್ತದೆ.

"ಮರ್ತೈತವ್ವಾ" ಎಂದೆ.

ಮರೆತಿಲ್ಲ. ದಿನಾ ತಲೆ ಬಾಚುತ್ತ ಕರೆದ ಹೆಸರು ಅದು. ಈ ಬರಹದಲ್ಲೂ ಬರೆದಿಲ್ಲ.