ಸಿಮೆಂಟ್ ಕೋಳಿಯ ಕಾಲಡಿಯ ಮಣ್ಣು

ಗ್ಲಫೀರಾಳ ಸಿಟ್ಟು ಇಡೀ ಊರಿಗೆ ಕೇಳಿಸುವಂಥದು. ತೂಲಾ ಸೀಮೆಯ ಗ್ಲೀನ್ಕಿ ಹಳ್ಳಿಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಮಣ್ಣು ಮಾಡಿದ ಮುದುಕಿ. ಆಲೂಗಡ್ಡೆ ಕಿತ್ತು ನೆಲಮಾಳಿಗೆಗೆ ಸೇರಿಸಿದ ಮೇಲೆ ಅವಳ ಚಳಿಗಾಲವೆಲ್ಲ ಮಣ್ಣಿನ ಸೀಟಿಗೊಂಬೆಗಳಲ್ಲೇ ಕಳೆಯುತ್ತಿತ್ತು. ಹಸು, ಕರಡಿ, ಕೋಳಿ ಹಿಡಿದ ಹೆಂಗಸು. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ, ಕೋಳಿಗರಿಯಿಂದ ಪಟ್ಟೆ ಎಳೆಯುವಳು. ಊದಿದಾಗ ಕೂಗದ ಗೊಂಬೆಯನ್ನು ಸುಡುವ ಮೊದಲೇ ಹಿಸುಕಿ ಮತ್ತೆ ಮುದ್ದೆ ಮಾಡುವಳು.

ಗೊಂಬೆಗಳಿಗೆಲ್ಲ ಕತ್ತು ಉದ್ದ. ಅದು ಚೆಂದಕ್ಕಾಗಿ ಮಾಡಿದ್ದಲ್ಲ. ಊರ ಗುಂಡಿಯ ನೀಲಿಗಪ್ಪು ಮಣ್ಣು ಒಣಗುತ್ತ ಬಿರುಕು ಬಿಡುತ್ತದೆ. ಒದ್ದೆ ಬೆರಳಿನಿಂದ ಬಿರುಕನ್ನು ಸವರಿ ಸವರಿ ಮುಚ್ಚುವಷ್ಟರಲ್ಲಿ ಕತ್ತು ತಾನಾಗಿಯೇ ಮೇಲೆದ್ದಿರುತ್ತದೆ.

ಆ ಗುಂಡಿಯನ್ನೇ ಮುಚ್ಚಿಬಿಟ್ಟರು! ಯಾಕಂತೆ? ಗೊಂಬೆಯ ಕಲೆಯನ್ನು ಉಳಿಸುವುದಕ್ಕಂತೆ! ಅದರ ಮೇಲೊಂದು ಗೊಂಬೆ ಕೇಂದ್ರ, ಮುಂದೆ ಎರಡಾಳೆತ್ತರದ ಉದ್ದಕತ್ತಿನ ಸಿಮೆಂಟ್ ಕೋಳಿ, ಸುತ್ತ ಹೂವಿನ ಪಾತಿ. ಕೇಂದ್ರದ ಮುಖ್ಯಸ್ಥ ವಲೇರಿಗೆ ಗ್ಲಫೀರಾ ಬಾಯಿಗೆ ಬಂದಂತೆ ಬೈದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವನು ನಕ್ಕು, ಉದ್ಘಾಟನೆಗೆ ಅವಳನ್ನೇ ಕರೆದ.

ಆ ದಿನ ನಗರದ ಅತಿಥಿಗಳಿಗೆ ವಾಡಿಕೆಯಂತೆ ರೊಟ್ಟಿ, ಉಪ್ಪು ಕೊಟ್ಟು ಸ್ವಾಗತಿಸಿದ್ದಾಯಿತು. ಕೋಳಿಯ ಪಕ್ಕದಲ್ಲೇ ಮೇಜು ಹಾಕಿ, ಪ್ಲಾಸ್ಟಿಕ್ ಚೀಲದಿಂದ ಅಂಗಡಿಯ ಬಿಳಿ ಮಣ್ಣು ತೆಗೆದಿಟ್ಟರು.

"ಗ್ಲಫೀರಾ ತೀಖೊನೊವ್ನಾ, ಒಂದು ಹಸು ಮಾಡಿ ತೋರಿಸ್ರಮ್ಮಾ," ಅಂದ ವಲೇರಿ.

ಅವಳು ಮಾಡಿದಳು. ಬೆಣ್ಣೆಯಂಥ ಮಣ್ಣು, ಒಂದೇ ಒಂದು ಬಿರುಕಿಲ್ಲ. ಸವರುವುದಕ್ಕೇನೂ ಇಲ್ಲದೆ ಬೆರಳು ಸುಮ್ಮನಾಯಿತು. ಹಸು ಹಂದಿಮರಿಯ ಹಾಗೆ ಕುಳ್ಳಗೆ ಕೂತಿತು.

"ಕತ್ತು ಎಲ್ಲಿ?" ಎಂದು ಅತಿಥಿಯೊಬ್ಬಳು ನಕ್ಕಳು.

"ಸ್ವಲ್ಪ ಎಳೀರಮ್ಮಾ," ವಲೇರಿ ಪಿಸುಗುಟ್ಟಿದ. "ಕೋಳಿ ನೋಡ್ಕೊಂಡು ಮಾಡಿ, ಹಾಗೇ ಬರುತ್ತೆ."

ಸಿಮೆಂಟ್ ಕೋಳಿಯನ್ನು ನೋಡಿ ಕಲಿಯಬೇಕೆ! ಗ್ಲಫೀರಾಳಿಗೆ ಮೈಯೆಲ್ಲ ಉರಿದುಹೋಯಿತು. ಹಸುವನ್ನು ಹಿಸುಕಿ ಮೇಜಿನ ಮೇಲೆ ಬಡಿದಳು. ಮಾಲಿ ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಹೂವಿನ ಪಾತಿಗಿಳಿದಳು. ಗುಂಡಿಯ ಅಂಚು ಎಲ್ಲಿತ್ತೆಂದು ಅವಳಿಗೆ ಗೊತ್ತಿಲ್ಲವೆ? ಚೆಂಡುಹೂಗಳು ಬೇರುಸಮೇತ ಹಾರಿದವು.

"ಏನ್ರಮ್ಮಾ ಇದು! ಮರ್ಯಾದೆ ಹೋಯ್ತು!" ವಲೇರಿ ಓಡಿಬಂದ.

"ಮಾಡೋದು ತೋರ್ಸು ಅಂದ್ಯಲ್ಲೋ? ಮೊದಲ್ನೇ ಕೆಲ್ಸ ಇದೇ. ನಮ್ಮವ್ವನೂ ಇಲ್ಲಿಂದ್ಲೇ ಶುರು ಮಾಡ್ತಿದ್ದದ್ದು. ನೋಡಲಿ ನಿನ್ನ ನೆಂಟ್ರು!"

ನೆರೆಮನೆಯ ಸ್ತೆಪನೀದಾ ಗುಂಪಿನಿಂದ ಕೂಗಿದಳು: "ಗ್ಲಫೀರಾ, ಹುಚ್ಚು ಹಿಡೀತೇನೇ ನಿಂಗೆ? ಬಿಡೇ, ಪೊಲೀಸ್ ಕರೀತಾರೆ!"

"ಕರೀಲಿ! ಅವ್ರ ಕೈಗೂ ಒಂದೊಂದು ಸಲಿಕೆ ಕೊಡ್ತೀನಿ!"

ಮೊಳದಾಳಕ್ಕೆ ಹೋಗುತ್ತಲೇ ಸಲಿಕೆಯ ತುದಿಗೆ ನೀಲಿಗಪ್ಪು ಮಣ್ಣು ಅಂಟಿಬಂತು. ಗ್ಲಫೀರಾ ಚಿಟಿಕೆ ಮುರಿದು ಉಜ್ಜಿ ನೋಡಿದಳು. ಅವಳ ಮುಖದ ಸಿಟ್ಟು ಎಳ್ಳಷ್ಟೂ ಇಳಿಯಲಿಲ್ಲ.

"ಬಾಯಿ ಬಿಟ್ಕೊಂಡು ನಿಂತ್ಯಲ್ಲೇ ಸ್ತೆಪನೀದಾ," ಅಂದಳು. "ಹೋಗಿ ಬಕೆಟ್ ತಗೊಂಬಾ. ಎರಡು ತಾ."