ಮೂರನೆಯ ಮಹಡಿಯ ಕುರ್ಚಿ

ಹೊನ್ನೂರಿನ ಪುಟ್ಟಮಲ್ಲಮ್ಮನಿಗೆ ಬದುಕಿನಲ್ಲಿ ಇದ್ದುದು ಒಂದೇ ಆಸೆ: ಕೂರಬೇಕು.

ಆ ಆಸೆ ಹುಟ್ಟಿದ್ದು ಕೊಳ್ಳೇಗಾಲದಲ್ಲಿ ನಾಲ್ಕು ಮಹಡಿಯ ಸಿರಿಮಂಟಪ ಸಿಲ್ಕ್ಸ್ ತೆರೆದ ಮೇಲೆ. ಅದಕ್ಕೆ ಮೊದಲು ಅವಳು ಕೆಲಸಕ್ಕಿದ್ದ ಹಳೆಯ ಜವಳಿ ಅಂಗಡಿಯಲ್ಲಿ ಮಾರುವವರೂ ಕೊಳ್ಳುವವರೂ ಬಿಳಿಯ ಹಾಸಿನ ಮೇಲೆ ಕಾಲು ಮಡಚಿ ಕುಳಿತು, ಸೀರೆಗಿಂತ ಹೆಚ್ಚಾಗಿ ಬೀಗರ ವಿಷಯವನ್ನೇ ಬಿಚ್ಚಿ ಮಡಚುತ್ತಿದ್ದರು. ಸಿರಿಮಂಟಪದ ದೀಪಗಳು ಹೊತ್ತಿಕೊಂಡವು. ಎದುರಿನ ಆ ಅಂಗಡಿ ವರ್ಷ ತುಂಬುವುದರೊಳಗೆ ಕಣ್ಣು ಮುಚ್ಚಿತು. ಪುಟ್ಟಮಲ್ಲಮ್ಮ ರಸ್ತೆ ದಾಟಿದಳು. ಅಲ್ಲಿ ಸಂಬಳ ಹೆಚ್ಚು, ಗಾಳಿ ತಂಪು, ಹತ್ತಿಳಿಯಲು ಲಿಫ್ಟು. ಆದರೆ ಬಾಗಿಲು ತೆರೆದಿರುವಷ್ಟು ಹೊತ್ತು ಕೆಲಸದವರು ಕೂರುವಂತಿಲ್ಲ. ಮಹಡಿಯ ಇನ್‌ಚಾರ್ಜ್‌ಗೆ ಮಾತ್ರ ಗಾಲಿ ಹಾಕಿದ ಒಂದು ಆಫೀಸು ಕುರ್ಚಿ. ಮೂರನೆಯ ಮಹಡಿಗೆ ಇನ್‌ಚಾರ್ಜ್ ಇನ್ನೂ ಇರಲಿಲ್ಲ.

"ಮನೇಲಿ ಚಾಪೆ ಅದೆ, ಮಂಚ ಅದೆ, ಜಗಲಿ ಅದೆ. ಕುಂತ್ಕಳಕ್ಕೆ ಕೊಳ್ಳೇಗಾಲಕ್ಕೇ ಓಗ್ಬೇಕಾ?" ಎಂದ ಗಂಡ ನಿಂಗಯ್ಯ, ಅವಳ ಊದಿದ ಪಾದಕ್ಕೆ ಎಣ್ಣೆ ತಿಕ್ಕುತ್ತ.

"ನಿಮಗೇನ್ ಗೊತ್ತು? ಆ ಕುರ್ಚಿ ತಿರುಗ್ತದೆ."

"ನೀನೇ ದಿನಾ ತಿರುಗ್ತಿದ್ದೀಯಲ್ಲ, ಅದು ಬೇರೆ ಯಾಕೆ?"

ಮೂರನೆಯ ಮಹಡಿ ಮದುವೆ ಸೀರೆಗಳದು. ಹೆಂಗಸರು ಲಿಫ್ಟಿನ ಆಸೆಗೆ ಮೇಲೆ ಬಂದು, ಬೆಲೆಚೀಟಿ ನೋಡಿ, ಮತ್ತೆ ಅದೇ ಲಿಫ್ಟಿನಲ್ಲಿ ಇಳಿಯುತ್ತಿದ್ದರು. ಬೇಸತ್ತ ಮಾಲೀಕ ಉದಯಕುಮಾರ್, "ಇಲ್ಲಿ ಗಿರಾಕಿ ನಿಲ್ಲಂಗೆ ಯಾರು ಮಾಡ್ತಾರೋ ಅವ್ರೇ ಇನ್‌ಚಾರ್ಜ್" ಎಂದುಬಿಟ್ಟರು.

ಪುಟ್ಟಮಲ್ಲಮ್ಮ ಲಿಫ್ಟಿನ ಎದುರಿಗೆ ಸೀರೆ ಉಡಿಸಿ ನಿಲ್ಲಿಸಿದ್ದ ಆಳೆತ್ತರದ ಗೊಂಬೆಯನ್ನು ನೋಡಿದಳು. ಸೊಂಟ ತಿರುವಿಕೊಂಡು ಯಾರನ್ನೂ ಲೆಕ್ಕಿಸದಂತೆ ನಿಂತಿತ್ತು. ಇಂಥವಳ ಹತ್ತಿರ ಯಾರು ಹೋಗುತ್ತಾರೆ? ಹಬ್ಬದಲ್ಲಿ ಕಳಶಕ್ಕೆ ಸೀರೆ ಉಡಿಸಿ ಪಳಗಿದ್ದ ಕೈ ಅವಳದು. ಮಹಡಿಯಲ್ಲೇ ಅತಿ ಹೆಚ್ಚು ಬೆಲೆಯ ಹಸಿರು ರೇಷ್ಮೆಯನ್ನು ತೆಗೆದು, ನೆರಿಗೆಯನ್ನು ಬೀಸಣಿಗೆಯಂತೆ ಬಿಡಿಸಿ ಉಡಿಸಿದಳು. ಗಾಜಿನ ಬಳೆ ತೊಡಿಸಿದಳು, ಮಲ್ಲಿಗೆ ಮುಡಿಸಿದಳು, ಹಣೆಗೆ ಅಗಲವಾಗಿ ಕುಂಕುಮವಿಟ್ಟಳು.

ಮರುದಿನ ಮೊಮ್ಮಗಳ ಮದುವೆ ಜವಳಿಗೆ ರಾಮಾಪುರದಿಂದ ದೊಡ್ಡಮಾದಮ್ಮ ಬಂದರು. ಲಿಫ್ಟಿನ ಬಾಗಿಲು ತೆರೆಯಿತು. ಅಜ್ಜಿ ಚಪ್ಪಲಿ ಬಿಟ್ಟರು, "ತಾಯೀ" ಎಂದು ಗೊಂಬೆಗೆ ಕೈ ಮುಗಿದರು. ಹಿಂದೆ ಬಂದವರೂ ಬಿಟ್ಟರು, ಮುಗಿದರು. ಕೈ ಮುಗಿದ ಮೇಲೆ ಬರಿಗೈಯಲ್ಲಿ ಇಳಿಯುವುದು ಹೇಗೆ? ತಾಯಿಯ ಎದುರು ಚೌಕಾಸಿ ಮಾಡುವುದಾದರೂ ಹೇಗೆ? ಮಧ್ಯಾಹ್ನದ ಹೊತ್ತಿಗೆ ಲಿಫ್ಟಿನ ಬಾಗಿಲಲ್ಲಿ ಚಪ್ಪಲಿಯ ರಾಶಿ, ಬಿಲ್ಲಿನ ಕಟ್ಟೆಯಲ್ಲಿ ಸಾಲು.

ಅಷ್ಟರಲ್ಲಿ ಇನ್ನೊಂದು ಮದುವೆಯವರು ಗೊಂಬೆ ಉಟ್ಟ ಸೀರೆಯೇ ಬೇಕೆಂದರು. ಉದಯಕುಮಾರ್ ತಾವೇ ಬಂದು ಸೆರಗಿಗೆ ಕೈ ಹಾಕಿದರು.

"ಏನ್ ಸಾ, ತಾಯಿ ಮೈ ಮ್ಯಾಗ್ಳ ಸೀರೆ ಬಿಚ್ಚೀರಾ?" ಎಂದರು ದೊಡ್ಡಮಾದಮ್ಮ.

ಉದಯಕುಮಾರ್ ತಿಂಗಳಿಗೊಮ್ಮೆ ಬೆಟ್ಟದ ದೇವರ ದರ್ಶನಕ್ಕೆ ಹೋಗಿಬರುವ ಮನುಷ್ಯ. ಕೈ ಹಿಂದಕ್ಕೆ ಬಂತು. ಆ ಸೀರೆ ಇನ್ನು ಮಾರಾಟಕ್ಕಿಲ್ಲ. ಕುರ್ಚಿಯ ಆಸೆ ಮುಗಿಯಿತೆಂದು ಪುಟ್ಟಮಲ್ಲಮ್ಮ ತಲೆ ತಗ್ಗಿಸಿದಳು. ಉದಯಕುಮಾರ್ ಮಾತ್ರ ಬಿಲ್ಲಿನ ಸಾಲನ್ನೊಮ್ಮೆ ನೋಡಿ, ಗೊಂಬೆಗೆ ತಾವೂ ಕೈ ಮುಗಿದರು.

ಸೋಮವಾರ ಕುರ್ಚಿ ಬಂತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಪುಟ್ಟಮಲ್ಲಮ್ಮ ಕುಳಿತಳು. ಮೆಲ್ಲಗೆ ಅರ್ಧ ಸುತ್ತು ತಿರುಗಿದಳು. ಲಿಫ್ಟಿನ ಬಾಗಿಲು ತೆರೆಯಿತು. ಮೊದಲ ಲಗ್ನಪತ್ರಿಕೆಯನ್ನು ತಾಯಿಗೇ ಕೊಡಬೇಕೆಂದು ದೊಡ್ಡಮಾದಮ್ಮ ಬಂದಿದ್ದರು.

"ಅಲ್ಲಾ ಕಣವ್ವ, ಅವ್ಳು ನಿಂತವ್ಳೆ, ನೀನು ಕಾಲ್ ಇಳಿಬುಟ್ಕಂಡು ಕುಂತಿದ್ದೀಯಲ್ಲ!"

ಪುಟ್ಟಮಲ್ಲಮ್ಮ ಧಡಕ್ಕನೆ ಎದ್ದಳು. ಅಜ್ಜಿಗೆ ಅಯ್ಯೋ ಅನ್ನಿಸಿರಬೇಕು. ತಾವು ನೆಲದ ಮೇಲೆ ಕುಳಿತು, ಪಕ್ಕದ ಜಾಗ ತಟ್ಟಿದರು. "ಇಲ್ ಬಾ, ಕುಂತ್ಕ. ನೆಲಕ್ಕೇನು ದೋಸ?"

ಅವಳು ಮಂಡಿ ಮಡಚುವಷ್ಟರಲ್ಲಿ ಉದಯಕುಮಾರ್ ಬಂದರು. "ಏನಮ್ಮ ಇದು? ಇನ್‌ಚಾರ್ಜ್ ಆದವ್ರು ನೆಲದ ಮೇಲೆ ಕೂತ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು?"

ಸಂಜೆ ಹೊನ್ನೂರಿನಲ್ಲಿ ಎಣ್ಣೆ ಬಟ್ಟಲು ಹಿಡಿದು ನಿಂಗಯ್ಯ ಕೇಳಿದ, "ಎಂಗದೆ ಕುರ್ಚಿ?"

"ಚೆನ್ನಾಗದೆ," ಎಂದಳು ಪುಟ್ಟಮಲ್ಲಮ್ಮ, ಜಗಲಿಯ ಮೇಲೆ ಕಾಲು ಚಾಚಿ. "ನನ್ ಬುತ್ತಿ ಡಬ್ಬಿ ಇಡೀ ದಿನ ಅದ್ರ ಮೇಲೆ ಕುಂತಿತ್ತು."