ದೇವರ ಡ್ಯೂಟಿ, ಸುಶೀಲವ್ವನ ಡ್ಯೂಟಿ

ಸೋಮವಾರ, ಬೆಳಿಗ್ಗೆ ಆರೂವರೆ. ದಾಂಡೇಲಿ, ಗಿರಣಿಯ ಹಿಂದಿನ ಓಣಿ. ಹಾಜರಿದ್ದವರು ನಾನು, ನಮ್ಮ ಸಭೆಯ ಪಾಸ್ಟರು, ಪಕ್ಕದ ಮನೆಯ ಗಂಗವ್ವ. ಅಡುಗೆಮನೆಯ ಚಾಪೆಯ ಮೇಲೆ ಸುಶೀಲವ್ವ. ನಿದ್ದೆಯಲ್ಲೇ ಹೋಗಿದ್ದಳು. ನಾಡಿ ನೋಡಿದವಳು ನಾನು. ಒಳಕೋಣೆಯ ಮಂಚದ ಮೇಲೆ ಅವಳ ಗಂಡ ಯೋಹಾನ. ಲಕ್ವ ಹೊಡೆದು ಮೂರು ವರ್ಷದಿಂದ ಮಲಗಿದ್ದಾನೆ. ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಸಾವಿನ ನಂತರ ಯಾವ ಕೆಲಸ ಯಾವ ಕ್ರಮದಲ್ಲಿ ಆಗಬೇಕೆಂದು ಕೈಗೆ ಗೊತ್ತು. ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ಅಳು ಬರಲಿಲ್ಲ. ಬರಲಿಲ್ಲವೆಂದು ಬೇಸರವೂ ಆಗಲಿಲ್ಲ. ಮೈ ತೊಳೆಯಲು ನೀರಿಟ್ಟು, ಅದು ಕಾಯುವವರೆಗೆ ಒಲೆಯ ಮುಂದೆ ಕೂತೆ. ಆ ಅಡುಗೆಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಸುಶೀಲವ್ವ ಅಡುಗೆ ಮಾಡುತ್ತಿದ್ದದ್ದು ಹಾಡಿನ ಅಳತೆಯಲ್ಲಿ. ಗಿರಣಿಯ ಪಾಳಿ ಮುಗಿಸಿ ಬರುವವರಿಗೆ ಖಾನಾವಳಿ ನಡೆಸುತ್ತಿದ್ದಳು. ಗೋಡೆಯ ಮೇಲೆ ಗಡಿಯಾರವಿರಲಿಲ್ಲ. ಚಹಾಕ್ಕೆ ಬೆಳಗಿನ ಪ್ರಾರ್ಥನೆಯ ಹಾಡಿನ ಒಂದು ಚರಣ. ಬೇಳೆಗೆ ಪೂರ್ತಿ ಕ್ರಿಸ್ಮಸ್ ಹಾಡು, ಅದು ಸುಡುಸುಡು ಏಪ್ರಿಲ್ ಆದರೂ ಸರಿ. ದೊಡ್ಡ ಪಾತ್ರೆಯ ಅನ್ನಕ್ಕೆ ಮಾತ್ರ ನಾವು ಮಣ್ಣು ಕೊಡುವಾಗ ಹಾಡುವ ಹಾಡು, ಏಕೆಂದರೆ ಅದು ಎಲ್ಲಕ್ಕಿಂತ ನಿಧಾನ. ಗಿಡ್ಡ ಹೆಂಗಸು. ಮೊಣಕೈವರೆಗೆ ಜೋಳದ ಹಿಟ್ಟು, ದಾರ ಕಟ್ಟಿ ನಿಲ್ಲಿಸಿದ ಕನ್ನಡಕ. ದನಿಯೇನೂ ಚೆನ್ನಾಗಿರಲಿಲ್ಲ. ಅನ್ನ ಮಾತ್ರ ಒಂದು ದಿನವೂ ಮುದ್ದೆಯಾದದ್ದಿಲ್ಲ.

ಒಮ್ಮೆ ಹಳಿಯಾಳದಲ್ಲಿ ನಮ್ಮ ಸಭೆಯವರ ಮದುವೆ. ಅಡುಗೆ ಇವಳದು. ಜತೆಗೆ ನಾನೂ ಹೋಗಿದ್ದೆ. ಎಸರಿಗೆ ಅಕ್ಕಿ ಹಾಕಿದ್ದೇ ಸುಶೀಲವ್ವ ರೂಢಿಯಂತೆ ಮಣ್ಣಿನ ಹಾಡು ಶುರು ಮಾಡಿದಳು. ಮದುಮಗಳ ತಾಯಿ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಓಡಿ ಬಂದಳು.

"ಏ ಸುಶೀಲಾ! ಲಗ್ನದ ಮನ್ಯಾಗ ಮಣ್ಣಿನ ಹಾಡ ಹಾಡ್ತಿಯಲ್ಲ, ತಲಿ ನೆಟ್ಟಗೈತೇನ?"

"ಮದವಿ ಹಾಡು ಭಾಳ ಸಣ್ಣದ್ರಿ ಅಕ್ಕಾರ. ಅದನ್ನ ಹಾಡಿದ್ರ ಅನ್ನ ಅರೆಬೆಂದು ಕುಂದರ್ತೈತಿ. ಬೀಗರು ಅಕ್ಕಿ ಕಡದ್ರ ಹೋಗೂದು ನಿಮ್ಮ ಮರ್ಯಾದಿ."

"ಹಂಗಾರ ಮದವಿ ಹಾಡನ್ನ ಮೂರ ಸರ್ತಿ ಹಾಡು!"

"ಮೂರ ಸರ್ತಿ ಮದವಿ ಮಾಡ್ತೀರೇನ್ರಿ ಮಗಳಿಗೆ?"

ಕೊನೆಗೆ ಮಾತಿಲ್ಲದೆ ಬರೀ ರಾಗದಲ್ಲಿ ಗುನುಗಬೇಕೆಂದು ತೀರ್ಮಾನವಾಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಹೇಳಿದಳು: "ಅದು ಸಾಯೂ ಹಾಡಲ್ಲ ಸಿಸ್ಟರ್. ಕಡೀ ಚರಣ ಸತ್ತವರು ಎದ್ದ ಬರೂದರದು. ಮಂದಿ ಅರ್ಧಾ ಕೇಳಿ ಅಳಾಕ ಹತ್ತತಾರ."

ಯೋಹಾನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ಮದುವೆಯಾದ ಕೆಲವೇ ವರ್ಷಕ್ಕೆ ಇನ್ನೊಬ್ಬಳನ್ನು ಕಟ್ಟಿಕೊಂಡು ಗೋವಾಕ್ಕೆ ಹೋದ. ಹೇಳಿ ಹೋಗಲಿಲ್ಲ, ಒಂದು ಸುದ್ದಿಯನ್ನೂ ಕಳಿಸಲಿಲ್ಲ. ಸುಶೀಲವ್ವ ರೊಟ್ಟಿ ಬಡಿಯಲು ಕೂತದ್ದು ಆಗ. ಅವಳು ಗಂಡನ ವಿಷಯ ಎತ್ತುತ್ತಿರಲಿಲ್ಲ. ಎತ್ತುತ್ತಿದ್ದವಳು ನಾನು. ಮೂರು ವರ್ಷದ ಹಿಂದೆ ಅವನ ತಮ್ಮ ಪೇತ್ರು ಕುಂಬಾರವಾಡದಿಂದ ಜೀಪಿನಲ್ಲಿ ಬಂದು, ಬಾಯಿ ಸೊಟ್ಟಗಾದ, ಕೈಕಾಲು ಬಿದ್ದುಹೋದ ಯೋಹಾನನನ್ನು ಅವಳ ಕಟ್ಟೆಯ ಮೇಲೆ ಇಳಿಸಿದ. ಆ ಇನ್ನೊಬ್ಬಳು ಇವನನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೋಗಿದ್ದಳಂತೆ.

"ಕದಾ ಹಾಕ್ಕೋ," ಎಂದೆ ನಾನು.

ಅವಳು ಹಿಟ್ಟಿನ ಕೈ ಒರೆಸಿಕೊಂಡಳು. ಆಮೇಲೆ ಪೇತ್ರುವಿಗೆ, "ಕಾಲ ಹಿಡಿ," ಎಂದಳು. ಇಬ್ಬರೂ ಸೇರಿ ಒಳಗೆ ಎತ್ತಿಕೊಂಡು ಹೋದರು.

"ತಪ್ಪಾತಂತ ಅಂದನೇನ ಅವ?" ಎಂದು ಮರುದಿನ ಕೇಳಿದೆ.

"ಬಾಯೇ ಹೊಳ್ಳೂದಿಲ್ಲ, ಹೆಂಗಂತಾನ?"

"ಮನಸಿನ್ಯಾಗರ?"

"ಅದನ್ನ ನೋಡೂದು ದೇವರ ಡ್ಯೂಟಿ. ನನ್ನ ಡ್ಯೂಟಿ ಗಂಜಿ ಕುಡಸೂದು."

"ನಿನಗ ಸಿಟ್ಟ ಬರೂದಿಲ್ಲೇನ?"

"ಬರ್ತೈತಿ. ದಿನಾ ಬರ್ತೈತಿ. ಅದು ಹೋದ ಮ್ಯಾಲ ಗಂಜಿ ಕೊಡತೇನಂದ್ರ ಅವ ಸತ್ತ ಹೋಗತಾನ."

ಸಿಟ್ಟು ಬರುತ್ತಿದ್ದದ್ದು ನಿಜ. ಒಮ್ಮೆ ಅವನು ಬಾಯಲ್ಲಿದ್ದ ಗಂಜಿಯನ್ನು ಅವಳ ಮೈಮೇಲೆಯೇ ಉಗುಳಿದ. ಬೇಕೆಂದು ಉಗುಳಿದನೋ ನುಂಗಲಾಗಲಿಲ್ಲವೋ ಹೇಳಲಾರೆ. ಸುಶೀಲವ್ವ ಬಟ್ಟಲನ್ನು ಕಿಟಕಿಯಲ್ಲಿಟ್ಟು, "ಹೋಗು, ಆಕೀನ ಕರಿ, ಆಕಿ ಕುಡಸ್ತಾಳ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಹೊರಗೆ ಬಂದಳು. ನಲ್ಲಿಯ ಕಟ್ಟೆಯ ಮೇಲೆ ಬಾಗಿ ಕೂತಳು. ತುಟಿ ಅಲ್ಲಾಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಎದ್ದು, ಗಂಜಿ ಮತ್ತೆ ಬಿಸಿ ಮಾಡಿದಳು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ನಕ್ಕಳು. "ಮನ್ಯಾಗ ಕೃಪಾ ತೀರಿತ್ತು ಸಿಸ್ಟರ್. ಬೇಡಿ ತಗೊಂಡ ಬಂದೆ."

ಅವಳ ಬೆನ್ನಿನ ಹಿಂದೆ ಸಭೆಯಲ್ಲಿ ಕೆಲವರು ಹುಚ್ಚಿ ಎಂದರು, ಕೆಲವರು ದೇವತೆ ಎಂದರು. ಅವಳಿಗೆ ಎರಡನೆಯವರೇ ಹೆಚ್ಚು ಕಿರಿಕಿರಿ. "ಹುಚ್ಚಿ ಅಂದವರು ಹೋಗಿ ಮಲಗತಾರ. ಇವರು ನಾ ನಾಳೆನೂ ಹಂಗ ಇರಬೇಕಂತ ಕಾಯತಾರ," ಎನ್ನುತ್ತಿದ್ದಳು.

ರೋಗಿಯನ್ನು ಹೊತ್ತು ಹೊತ್ತಿಗೆ ಮಗ್ಗುಲು ಹೊರಳಿಸುವುದನ್ನು ಅವಳಿಗೆ ಕಲಿಸಿದವಳು ನಾನೇ, ಆದರೆ ಬಾಗಿಲಲ್ಲಿ ನಿಂತು. ವೃತ್ತಿಯಲ್ಲಿ ಎಂತೆಂಥವರನ್ನೋ ಮುಟ್ಟಿದ್ದೇನೆ, ಅವನನ್ನು ಮಾತ್ರ ಮುಟ್ಟಲಿಲ್ಲ. ಒಮ್ಮೆ ಅವಳು ಅವನ ಬೆನ್ನಿಗೆ ಪೌಡರ್ ಹಚ್ಚುತ್ತ, ನನ್ನ ಕಡೆ ತಿರುಗದೆ ಕೇಳಿದಳು: "ನನ್ನ ಪಾಲಿನ ಸಿಟ್ಟು ನೀ ಯಾಕ ಹೊರ್ತಿ ಸಿಸ್ಟರ್? ನಿನಗ ಭಾರ ಆಗೂದಿಲ್ಲೇನ?"

ನೀರು ಕಾಯಿತು. ಗಂಗವ್ವ ಹಿಡಿದುಕೊಂಡಳು, ನಾನು ತೊಳೆದೆ. ಭಾನುವಾರದ ಬಿಳಿ ಸೀರೆ ಉಡಿಸಿದೆ. ಉಗುರಿನ ಸಂದಿಯ ಹಿಟ್ಟು ಪೂರ್ತಿ ಹೋಗಲಿಲ್ಲ. ನಡುನಡುವೆ ಗಂಗವ್ವ ಒಳಗೆ ಹೋಗಿ ಯೋಹಾನನಿಗೆ ನೀರು ಕುಡಿಸಿ ಬಂದಳು. ನಾಲ್ಕಕ್ಕೆ ಮಣ್ಣು ಕೊಟ್ಟೆವು. ಎಲ್ಲರೂ ಹಾಡಿದರು. ನನ್ನ ಬಾಯಿ ಆಡಿತೋ ಇಲ್ಲವೋ ನೆನಪಿಲ್ಲ.

ಐದಕ್ಕೆ ಮನೆಯ ಮುಂದೆ ನಿಂತು ಮಾತು. ಪೇತ್ರು ಜೀಪು ತಂದಿದ್ದ. ಹುಬ್ಬಳ್ಳಿಯಲ್ಲಿ ಇಂಥವರನ್ನು ನೋಡಿಕೊಳ್ಳುವ ಮನೆಯೊಂದಿದೆ, ಜಾಗ ಸಿಗಲು ತಿಂಗಳಾದರೂ ಬೇಕು ಎಂದರು ಪಾಸ್ಟರು.

"ಅಲ್ಲೀತನಕ ನಾ ಕರ್ಕೊಂಡ ಹೋಗತೇನ್ರಿ," ಎಂದ ಪೇತ್ರು. "ಆದ್ರ ಖರೇ ಹೇಳ್ತೇನಿ, ನಾನೂ ಗದ್ದ್ಯಾಗ, ಹೆಂಡತೀನೂ ಗದ್ದ್ಯಾಗ. ಹಗಲೆಲ್ಲ ಒಬ್ಬನೇ ಬಿದ್ದಿರತಾನ. ಡಾಕ್ಟರು ಬೇಕಂದ್ರ ಬಸ್ಸಿಲ್ಲ."

ಹೊರಳಿಸುವವರಿಲ್ಲದೆ ಮಲಗಿದವರ ಬೆನ್ನು ಒಂದು ವಾರದಲ್ಲಿ ಕೆಂಪಾಗಿ ಹುಣ್ಣಾಗುತ್ತದೆಂದು ನನಗೆ ಗೊತ್ತು. ಆಮೇಲಿನದೂ ಗೊತ್ತು. ಕರುಣೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಎದೆಯಲ್ಲಿ ಏನೂ ಇರಲಿಲ್ಲ.

"ಇಲ್ಲೇ ಇರಲಿ," ಎಂದೆ. "ಜೀಪ ಹೊಳ್ಳಿಸು."

ಗಂಗವ್ವ ಕಣ್ಣರಳಿಸಿದಳು. "ಯವ್ವಾ! ಅವನ ಹೆಸರ ಕೇಳಿದ್ರ ಉರದ ಬೀಳತಿದ್ರಿ, ನೀವು ನೋಡವ್ರೇನ್ರಿ?"

"ಈಗೂ ಉರೀತೈತಿ. ನಡಿ, ಬಕೀಟ ತಾ."

"ನಿಮಗೂ ವಯಸ್ಸಾತು. ಒಬ್ಬಾಕಿಗೇ ಎತ್ತಾಕ ಆಗತೈತೇನ? ಮುಂಜಾನೆ ನಾ ಬರ್ತೇನಿ, ಸಂಜೀಕ ನೀವು ನೋಡ್ರಿ," ಎಂದು ಬಯ್ಯುತ್ತಲೇ ಬಕೆಟ್ಟು ತಂದಳು. ಪೇತ್ರು ತಲೆ ತಗ್ಗಿಸಿ ಜೀಪು ತಿರುಗಿಸಿದ.

ಏಳು ಗಂಟೆಗೆ ಒಳಕೋಣೆಯ ಹೊಸ್ತಿಲು ದಾಟಿದೆ. ಕುರ್ಚಿ ಎಳೆದುಕೊಂಡು ಅವನ ಕಣ್ಣಿಗೆ ಕಾಣುವಂತೆ ಕೂತೆ.

"ಸುಶೀಲಾ ಹೋದ್ಲು. ಮಣ್ಣ ಕೊಟ್ಟ ಬಂದೇವಿ. ಇನ್ನ ನಾನು, ಗಂಗವ್ವ ನೋಡತೇವಿ."

ಅವನು ಕಣ್ಣು ಮುಚ್ಚಿದ. ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಚಮಚ ತುಟಿಗೆ ಹಿಡಿದೆ, ಬಾಯಿ ತೆರೆಯಲಿಲ್ಲ. ಆಸ್ಪತ್ರೆಯಾಗಿದ್ದರೆ 'ಊಟ ನಿರಾಕರಿಸಿದರು' ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಇಲ್ಲಿ ಮುಂದಿನ ಹಾಸಿಗೆ ಇರಲಿಲ್ಲ. ಚಮಚ ಹಿಡಿದೇ ಕೂತೆ. ಕೈ ನೋಯತೊಡಗಿತು, ಬದಲಿಸಿದೆ. ಸರಿಯಿರುವ ಕಡೆಯ ತುಟಿ ಕೊನೆಗೆ ಸ್ವಲ್ಪ ಸಡಿಲವಾಯಿತು. ಅರ್ಧ ಬಟ್ಟಲು ಕುಡಿದ.

ಬಾಯಿ ಒರೆಸಿದೆ. ಒದ್ದೆಯಾದ ಹಾಸು ತೆಗೆದು ಬೇರೆ ಹಾಸಿದೆ. ಭುಜಕ್ಕೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ಎಡಮಗ್ಗುಲಿಗೆ ಹೊರಳಿಸಿದೆ. ಅಂದುಕೊಂಡದ್ದಕ್ಕಿಂತ ಹಗುರವಾಗಿದ್ದ. ಬೆನ್ನು ನೋಡಿದೆ, ಮೂರು ವರ್ಷ ಮಲಗಿದ್ದರೂ ಎಲ್ಲೂ ಒಂದು ಕೆಂಪು ಗುರುತಿಲ್ಲ. ಮಂಚದ ನಾಲ್ಕೂ ಮೂಲೆಗೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದೆ.